ಕಾಡಿನ ತರಗೆಲೆಯಲ್ಲಿರುವ ನುಸಿಯೇ ತೋಟದಲ್ಲೂ ಇರುತ್ತದೆಯೇ?

ಪ್ರಶ್ನೆ: ನಮ್ಮದು ಮಲೆನಾಡಿನ ಅಡಿಕೆ ತೋಟ. ಮೇಲ್ಗಡೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ತರಗು ತರುವ ಕಾಡು), ಅದರಾಚೆ ಅಕೇಶಿಯಾ ನೆಡುತೋಪು. ಎಲ್ಲಿ ತರಗೆಲೆ ಕೆದಕಿದರೂ ಸಣ್ಣ ನುಸಿ ಹರಿದಾಡುತ್ತವೆ. ಎಲ್ಲವೂ ಒಂದೇ ಜಾತಿಯೇ? ಔಷಧಿ ಹೊಡೆಯಬೇಕೇ?

ಉತ್ತರ: ಔಷಧಿ ಖಂಡಿತ ಬೇಡ. ನುಸಿ ಅಂದ ಕೂಡಲೇ ನಮಗೆ ನೆನಪಾಗುವುದು 1990ರ ದಶಕದ ಕೊನೆಯಲ್ಲಿ ತೆಂಗು ಬೆಳೆಗಾರರನ್ನು ಕಂಗೆಡಿಸಿದ ಕಾಯಿ ನುಸಿ. ಅದು ಎಳೆಗಾಯಿಯ ರಸ ಹೀರುವಂಥದ್ದು. ತರಗೆಲೆಯ ನುಸಿಗಳ ಬದುಕೇ ಬೇರೆ.

ಇವುಗಳಲ್ಲಿ ದೊಡ್ಡ ಬಳಗ ಒರಿಬ್ಯಾಟಿಡ್ ನುಸಿಗಳದ್ದು. ಗಸಗಸೆ ಕಾಳಿಗಿಂತ ಚಿಕ್ಕವು, ಕಂದು ಬಣ್ಣದ ಗಟ್ಟಿ ಚಿಪ್ಪು, ಎಂಟು ಕಾಲು. ಕೆಲವನ್ನು ಮುಟ್ಟಿದರೆ ಕಾಲೆಲ್ಲ ಒಳಗೆಳೆದುಕೊಂಡು, ಮುಚ್ಚಳ ಹಾಕಿದ ಡಬ್ಬಿಯಂತೆ ಉರುಟಾಗಿಬಿಡುತ್ತವೆ! ಕೊಳೆಯುವ ಎಲೆ ಮತ್ತು ಅದರ ಮೇಲಿನ ಬೂಷ್ಟು ಇವುಗಳ ಊಟ. ಇವುಗಳ ಜೊತೆಗೆ ಓಡಾಡಿ ಬೇಟೆಯಾಡುವ ನುಸಿಗಳೂ ಇರುತ್ತವೆ. ಹಸಿ ಗೊಬ್ಬರದಲ್ಲಿ ದಿಢೀರನೆ ತುಂಬಿಕೊಳ್ಳುವ ಮೆತ್ತನೆ ಬಿಳಿ ನುಸಿಗಳು ಇನ್ನೊಂದು ಬಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮರ ಯಾವುದು ಎನ್ನುವುದಕ್ಕಿಂತ ಬುಡದಲ್ಲಿ ಎಲೆ ಹೇಗೆ ಬಿದ್ದಿದೆ ಎನ್ನುವುದನ್ನು ನೋಡಿ. ಕಾಡಿನಲ್ಲಿ ಹತ್ತಾರು ಮರಗಳ ಎಲೆ ಕಲೆತಿರುತ್ತದೆ. ಮೇಲೆ ಒಣ ತರಗು, ನಡುವೆ ಬೂಷ್ಟು ಹಿಡಿದ ಪದರ, ಕೆಳಗೆ ತೇವದ ಕರಿಮಣ್ಣು. ಪದರಕ್ಕೊಂದು ಬಗೆಯ ನುಸಿಗೆ ಜಾಗ ಸಿಗುತ್ತದೆ. ಅಕೇಶಿಯಾದ ಎಲೆ ನಿಜವಾಗಿ ಚಪ್ಪಟೆಯಾದ ತೊಟ್ಟು. ಒರಟು, ಬೇಗ ಕೊಳೆಯದು, ಚಾಪೆಯಂತೆ ದಪ್ಪಗೆ ಕೂರುತ್ತದೆ. ಅದರಡಿ ನುಸಿಗಳಿಗೆ ಬರವೇನಿಲ್ಲ. ಆದರೆ ಮೇವು ಒಂದೇ ತರಹ, ಹಾಗಾಗಿ ಸಾಮಾನ್ಯವಾಗಿ ಬಗೆಗಳು ಕಡಿಮೆ. ತೋಟದಲ್ಲಿ ಅಗೆತ, ಗೊಬ್ಬರ, ಬಿಸಿಲು ಇದ್ದಷ್ಟೂ ಬೇಗ ಮರಿ ಮಾಡುವ ಸಣ್ಣ ನುಸಿಗಳದ್ದೇ ಮೇಲುಗೈ. ಒರಿಬ್ಯಾಟಿಡ್‌ಗಳು ನಿಧಾನವಾಗಿ ಬೆಳೆದು ಕೆಲವೇ ಮೊಟ್ಟೆ ಇಡುತ್ತವೆ. ನೆಲ ಕದಡಿದರೆ ಮೊದಲು ಸೊರಗುವುದು ಇವೇ.

ಮನೆಯಲ್ಲೇ ನೋಡಬಹುದು. ಇಟಲಿಯ ಕೀಟತಜ್ಞ ಬರ್ಲೇಸೆ 1905ರಲ್ಲಿ ಹೇಳಿಕೊಟ್ಟ ಉಪಾಯವಿದು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಬಿರಡೆ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ನಿಲ್ಲಿಸಿ. ಒಳಗೆ ಸೊಳ್ಳೆ ಜಾಲರಿ ಇಟ್ಟು, ಅದರ ಮೇಲೆ ಒಂದು ಹಿಡಿ ತರಗೆಲೆ ಹಾಕಿ. ಮೇಲೆ ಒಂದಡಿ ಎತ್ತರದಲ್ಲಿ ಹಳೇ ಕಾಲದ ಬಿಸಿಯಾಗುವ ಬಲ್ಬು, ಕೆಳಗೆ ನೀರಿನ ಬಟ್ಟಲು. ಎಲೆ ಒಣಗುತ್ತ ಬಂದಂತೆ ತೇವ ಹುಡುಕಿ ಕೆಳಗಿಳಿಯುವ ನುಸಿಗಳು ಮೂರ್ನಾಲ್ಕು ದಿನದಲ್ಲಿ ಬಟ್ಟಲಿಗೆ ಉದುರುತ್ತವೆ. ಮೂರೂ ಕಡೆಯ ಎಲೆಯನ್ನು ಒಂದೇ ದಿನ ತನ್ನಿ. ಮಳೆಗಾಲದ ಬೆಟ್ಟವನ್ನು ಬೇಸಿಗೆಯ ತೋಟಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಬೇಸಿಗೆಯಲ್ಲಿ ಬೆಟ್ಟದ ತರಗನ್ನು ಪೂರ್ತಿ ಗುಡಿಸಬೇಡಿ. ನುಸಿಗೆ ರೆಕ್ಕೆಯಿಲ್ಲ. ಬೋಳಾದ ನೆಲಕ್ಕೆ ಅದು ಹೆಚ್ಚಾಗಿ ನಡೆದೇ ಮರಳಬೇಕು. ಅಲ್ಲಲ್ಲಿ ಒಂದೊಂದು ಪಟ್ಟಿ ಹಾಗೇ ಬಿಡಿ, ಮುಂದಿನ ವರ್ಷ ಪಟ್ಟಿ ಬದಲಿಸಿ.