ತೋಟೆಯ ಹಿತ್ತಾಳೆ ಕೇಸನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿ ಆಗುತ್ತಾ?

ಪ್ರಶ್ನೆ: ರೀಸೈಜ್ ಮಾಡಿದ (ಹಾರಿಸಿದ ಮೇಲೆ ಮತ್ತೆ ಅಳತೆಗೆ ತಂದ) ರೈಫಲ್ ಕೇಸುಗಳ, ಅಂದರೆ ತೋಟೆಯ ಹಿತ್ತಾಳೆ ಕೊಳವೆಗಳ, ಕುತ್ತಿಗೆ (ಗುಂಡು ಕೂರುವ ಬಾಯಿ) ನಾಲ್ಕೈದು ಸಲಕ್ಕೇ ಸೀಳುತ್ತಿದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿ ಆಗುತ್ತದೆ ಅಂತಾರೆ, ಹೌದಾ?

ಅಲ್ಲ ಮಾರಾಯ್ರೆ, ಅಲ್ಲ. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ಕೇಳುವವರು ಹೆಚ್ಚಾಗಿ ಅಮೆರಿಕದಲ್ಲಿರುವ ನಮ್ಮ ಶಿರಸಿ, ಕುಮಟಾ ಕಡೆಯ ಹುಡುಗರು. ಅಲ್ಲಿ ಹಾರಿಸಿದ ಕೇಸಿಗೆ ಮತ್ತೆ ಮದ್ದುಗುಂಡು ಹಾಕಿ ತೋಟೆ ತುಂಬುವುದು ಒಂದು ಹವ್ಯಾಸ, ನಾನೂ ಅಲ್ಲಿ ಕೆಲಸದಲ್ಲಿದ್ದಾಗಲೇ ಕಲಿತದ್ದು. ಊರಲ್ಲಿ ಹಂದಿ ಓಡಿಸಲಿಕ್ಕೆ ಕೋವಿ ಲೈಸೆನ್ಸ್ ಇಟ್ಟುಕೊಂಡವರು ಇದನ್ನು ಓದಿ ಶುರು ಮಾಡಬೇಡಿ. ತೋಟೆ ತಯಾರಿಸಲಿಕ್ಕೆ ಬೇರೆಯೇ ಲೈಸೆನ್ಸ್ ಬೇಕು, 1959ರ ಆಯುಧ ಕಾಯ್ದೆಯಲ್ಲೇ ಅದು ಇದೆ.

ಈಗ ವಿಷಯ. ಈಡು ಹಾರಿದಾಗ ಕೇಸು ಉಬ್ಬಿ ಚೇಂಬರಿನ (ಕೋವಿಯಲ್ಲಿ ತೋಟೆ ಕೂರುವ ಗೂಡಿನ) ಗೋಡೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ಸ್ವಲ್ಪ ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಬರುವುದಿಲ್ಲ. ಅದನ್ನು ಡೈ (ಉಕ್ಕಿನ ಅಚ್ಚು) ಒಳಗೆ ಒತ್ತಿ ಅಳತೆಗೆ ತರುವುದೇ ರೀಸೈಜಿಂಗ್. ಉಬ್ಬುವುದು, ಒತ್ತುವುದು, ಮತ್ತೆ ಉಬ್ಬುವುದು. ಹೀಗೆ ಬಗ್ಗಿಸಿ ಬಗ್ಗಿಸಿಯೇ ಹಿತ್ತಾಳೆ ಗಡಸಾಗುತ್ತದೆ. ನಿಮ್ಮ ಕೇಸಿನ ಕುತ್ತಿಗೆ ಸೀಳಿದ್ದು ಮೆತ್ತಗಿದ್ದು ಅಲ್ಲ, ಗಡಸು ಜಾಸ್ತಿ ಆಗಿ!

ಹಾಗಾದರೆ ಈ ನೀರಿನ ಕಥೆ ಬಂದದ್ದು ಎಲ್ಲಿಂದ? ಕುಲುಮೆಯಿಂದ. ಆಚಾರಿ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಚುಂಯ್ ಅನ್ನುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದವರು. ಕತ್ತಿ ಉಕ್ಕಿನದು, ಅದರಲ್ಲಿ ಇಂಗಾಲ ಇರುತ್ತದೆ, ಫಕ್ಕನೆ ತಣಿಸಿದರೆ ಅದರ ಒಳಗಿನ ರಚನೆಯೇ ಬದಲಾಗಿ ಗಡಸಾಗುತ್ತದೆ. ಕೇಸಿನಲ್ಲಿರುವುದು ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಅಲ್ಲಿ ಆ ಆಟ ನಡೆಯುವುದಿಲ್ಲ. ಕಾಯಿಸಿದರೆ ಮೆತ್ತಗಾಗುತ್ತದೆ, ಅಷ್ಟೇ. ನೀರಿಗೆ ಹಾಕಿ, ಗಾಳಿಯಲ್ಲಿ ಬಿಡಿ, ಮೆತ್ತಗೇ ಇರುತ್ತದೆ. ನಂಬಿಕೆ ಇಲ್ಲದಿದ್ದರೆ ಹಿತ್ತಾಳೆ ಪಾತ್ರೆ ಬಡಿಯುವವರ ಹತ್ತಿರ ಹೋಗಿ ಕೇಳಿ. ಬಡಿದು ಬಡಿದು ತಗಡು ಗಡಸಾದಾಗ ಅವರು ಮತ್ತೆ ಬೆಂಕಿಗೆ ಹಿಡಿಯುವುದು ಯಾಕೆ ಅಂತ.

ಆದರೂ ತೋಟೆ ತುಂಬುವವರು ಗಡಸಾದ ಕುತ್ತಿಗೆಯನ್ನು ಕಾಯಿಸಿ ಮೆತ್ತಗೆ ಮಾಡುವಾಗ ನೀರು ಇಟ್ಟುಕೊಳ್ಳುತ್ತಾರಲ್ಲ ಅಂದರೆ, ಹೌದು, ಅದು ಬುಡ ತಣ್ಣಗೆ ಇರಲಿ ಅಂತ. ಬುಡ ಮೆತ್ತಗಾದ ಕೇಸು ಒಳಗಿನ ಒತ್ತಡ ತಡೆಯುವುದಿಲ್ಲ, ಬಿಸಿ ಗ್ಯಾಸು ಮುಖಕ್ಕೇ ಬರಬಹುದು. ಕಾಯಿಸಬೇಕಾದದ್ದು ಕುತ್ತಿಗೆ ಮತ್ತು ಭುಜ (ಕುತ್ತಿಗೆಯ ಕೆಳಗೆ ಕೇಸು ಅಗಲವಾಗುವ ಇಳಿಜಾರು) ಮಾತ್ರ. ಬುಡಕ್ಕೆ ಕಾವು ತಾಗಿದೆ ಅಂತ ಅನುಮಾನ ಬಂದರೂ ಜಜ್ಜಿ ಗುಜರಿಗೆ ಹಾಕಿ. ಹಾಗೆಯೇ ಡೈಯಲ್ಲಿ ಭುಜವನ್ನು ಬೇಕಾದ್ದಕ್ಕಿಂತ ಹಿಂದೆ ತಳ್ಳಬೇಡಿ. ಬೋಲ್ಟ್ ರೈಫಲ್ಲಿಗೆ (ಕೈಯಲ್ಲಿ ಅಗುಳಿ ಎಳೆದು ತೋಟೆ ಏರಿಸುವ ರೈಫಲ್) ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಸಾಕು. ಜಾಸ್ತಿ ತಳ್ಳಿದರೆ ಪ್ರತಿ ಈಡಿಗೂ ಕೇಸು ಎಳೆದುಕೊಂಡು ಬುಡದಿಂದ ಸ್ವಲ್ಪ ಮೇಲಕ್ಕೆ ಹೊಳೆಯುವ ಒಂದು ಗೆರೆ ಬೀಳುತ್ತದೆ, ಮುಂದೆ ಅಲ್ಲೇ ಎರಡು ತುಂಡು.

ಯಾರೂ ಕೇಳದ ಇನ್ನೊಂದು ವಿಷಯ, ಬಿಡಲಿಕ್ಕೆ ಮನಸ್ಸಾಗುತ್ತಿಲ್ಲ. ಹಾರಿಸದೇ ಇಟ್ಟ ತೋಟೆಯೂ ಬಿರಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ತೋಟೆಗಳು ಮಳೆಗಾಲ ಬಂತೆಂದರೆ ಇಟ್ಟಲ್ಲೇ ಸೀಳುತ್ತಿದ್ದವು. ಇಟ್ಟಿದ್ದು ಕುದುರೆ ಲಾಯದಲ್ಲಿ. ಕುದುರೆ ಮೂತ್ರದ ಅಮೋನಿಯಾ, ಮಳೆಗಾಲದ ಹಸಿ, ತಯಾರಿಸುವಾಗಲೇ ಹಿತ್ತಾಳೆ ಒಳಗೆ ಉಳಿದ ಬಿಗಿ, ಮೂರೂ ಸೇರಿ ಆದದ್ದು ಅಂತ 1921ರಲ್ಲಿ ಸ್ಪಷ್ಟವಾಯಿತು. ಆ ಬಿಗಿ ಸಡಿಲಿಸಲಿಕ್ಕೂ ಮದ್ದು ಕಾಯಿಸುವುದೇ, ಅದೂ ಹದವಾಗಿ. ಶಿರಸಿ ಮಳೆ, ಪಕ್ಕದಲ್ಲಿ ಕೊಟ್ಟಿಗೆ, ಗಂಜಳದ ವಾಸನೆ, ಇವೆಲ್ಲ ಇರುವಲ್ಲಿ ಲೈಸೆನ್ಸಿನ ತೋಟೆ ಡಬ್ಬಿ ಇಟ್ಟವರು ಇವತ್ತೇ ಅದನ್ನು ಒಳಗಿನ ಕಪಾಟಿಗೆ ಸಾಗಿಸಿ ಬೀಗ ಹಾಕಿ. ಅಮೆರಿಕದವರು ದೀಪ ಉಜ್ಜುವ ಅಮೋನಿಯಾ ಪಾಲಿಶ್ ಹಾಕಿ ಕೇಸು ಮಿಂಚಿಸುವುದನ್ನು ನಿಲ್ಲಿಸಿ.