ಫಿಕ್ ಸಮೀಕರಣ: ಎಕ್ಸರ್ಸೈಜ್ ಫಿಸಿಯಾಲಜಿ ಪೇಪರ್‌ಗೆ ಇದೊಂದು ಗಟ್ಟಿ ಇರ್ಲಿ

ಎಂಎಸ್ಸಿ ಸ್ಪೋರ್ಟ್ಸ್ ಸೈನ್ಸ್ ಅಥವಾ ಎಂಪಿಎಡ್ ಮಾಡ್ತಿರೋರಿಗೆ ಎಕ್ಸರ್ಸೈಜ್ ಫಿಸಿಯಾಲಜಿ ಅಂದ್ರೆ ಚಾಪ್ಟರ್ ಮೇಲೆ ಚಾಪ್ಟರ್, ಟ್ರೇನಿಂಗ್ ಅಡಾಪ್ಟೇಶನ್ ಒಂದು ಕಡೆ, ಆಲ್ಟಿಟ್ಯೂಡ್ ಇನ್ನೊಂದು ಕಡೆ, ಸೆಖೆಯಲ್ಲಿ ಓಡೋದು, ವಯಸ್ಸಾಗೋದು, ಹಾರ್ಟ್ ಪೇಶಂಟ್ ಹೀಗೆ, ಒಂದೊಂದನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡ್ತಾ ಹೋದ್ರೆ ಮುಗಿಯೋದೇ ಇಲ್ಲ. ಆದ್ರೆ ಇದರಲ್ಲಿ ಮುಕ್ಕಾಲು ಭಾಗ ನಿಂತಿರೋದು 1870ರಲ್ಲಿ ಜರ್ಮನ್ ಫಿಸಿಯಾಲಜಿಸ್ಟ್ ಅಡಾಲ್ಫ್ ಫಿಕ್ ಹೇಳಿದ ಒಂದು ಮಾತಿನ ಮೇಲೆ. ದೇಹ ನಿಮಿಷಕ್ಕೆ ಎಷ್ಟು ಆಕ್ಸಿಜನ್ ಬಳಸತ್ತೆ ಅನ್ನೋದು ಹೃದಯ ನಿಮಿಷಕ್ಕೆ ಎಷ್ಟು ರಕ್ತ ಪಂಪ್ ಮಾಡತ್ತೆ, ಆ ರಕ್ತದಿಂದ ಎಷ್ಟು ಆಕ್ಸಿಜನ್ ಹೊರಗೆ ಬರತ್ತೆ, ಇವೆರಡರ ಗುಣಾಕಾರ. ಬರೆದ್ರೆ ಹೀಗೆ:

ವಿಒ2 = ಹಾರ್ಟ್ ರೇಟ್ × ಸ್ಟ್ರೋಕ್ ವಾಲ್ಯೂಮ್ × ಎ-ವಿ ಡಿಫರೆನ್ಸ್

ವಿಒ2 ಅಂದ್ರೆ ದೇಹ ನಿಮಿಷಕ್ಕೆ ಬಳಸೋ ಆಕ್ಸಿಜನ್, ಸ್ಟ್ರೋಕ್ ವಾಲ್ಯೂಮ್ ಅಂದ್ರೆ ಹೃದಯ ಒಂದು ಬಡಿತಕ್ಕೆ ಪಂಪ್ ಮಾಡೋ ರಕ್ತ. ಹಾರ್ಟ್ ರೇಟ್, ಸ್ಟ್ರೋಕ್ ವಾಲ್ಯೂಮ್ ಎರಡನ್ನೂ ಗುಣಿಸಿದ್ರೆ ಕಾರ್ಡಿಯಾಕ್ ಔಟ್‌ಪುಟ್. ಎ-ವಿ ಡಿಫರೆನ್ಸ್ ಅಂದ್ರೆ ಅಪಧಮನಿ ರಕ್ತದಲ್ಲಿರೋ ಆಕ್ಸಿಜನ್‌ಗೂ ವಾಪಸ್ ಬರೋ ಅಭಿಧಮನಿ ರಕ್ತದಲ್ಲಿ ಉಳಿದಿರೋ ಆಕ್ಸಿಜನ್‌ಗೂ ಇರೋ ವ್ಯತ್ಯಾಸ. ಯಾವ ಪ್ರಶ್ನೆ ಬಂದ್ರೂ ಮೊದಲು ಕೇಳ್ಕೋಬೇಕಾದ್ದು ಇಷ್ಟೇ, ಈ ಮೂರರಲ್ಲಿ ಯಾವುದು ಬದಲಾಯ್ತು?

ಲೆಕ್ಕ ಹಾಕಿ ನೋಡಿ, ಇಲ್ಲಾಂದ್ರೆ ತಲೇಲಿ ಕೂರಲ್ಲ. ಸುಮ್ನೆ ಕೂತಿರೋ 70 ಕೆಜಿ ಮನುಷ್ಯ, ಹಾರ್ಟ್ ರೇಟ್ 70, ಒಂದು ಬಡಿತಕ್ಕೆ 70 ಎಂಎಲ್ ರಕ್ತ, ಅಲ್ಲಿಗೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್. ಒಂದು ಲೀಟರ್ ಅಪಧಮನಿ ರಕ್ತದಲ್ಲಿ ಸುಮಾರು 200 ಎಂಎಲ್ ಆಕ್ಸಿಜನ್ ಇರತ್ತೆ, ವಾಪಸ್ ಬರೋವಾಗ 150 ಉಳಿದಿರತ್ತೆ, ವ್ಯತ್ಯಾಸ 50. ಐದು ಐವತ್ತಲಿ 250 ಎಂಎಲ್. ಅದನ್ನ 70ರಿಂದ ಭಾಗಿಸಿದ್ರೆ ಕೆಜಿಗೆ ಸುಮಾರು 3.5 ಎಂಎಲ್, ನಾವು 1 ಮೆಟ್ (ಸುಮ್ನೆ ಕೂತಾಗ ಬಳಸೋ ಆಕ್ಸಿಜನ್ನಿನ ಅಳತೆ) ಅಂತ ಓದ್ತೀವಲ್ಲ ಅದೇ ಇದು.

ಈಗ ಅದೇ ತೂಕದ ಇಬ್ಬರನ್ನ ಟ್ರೆಡ್‌ಮಿಲ್ ಮೇಲೆ ಪೂರ್ತಿ ಸುಸ್ತಾಗೋವರೆಗೂ ಓಡಿಸಿ. ಟ್ರೇನಿಂಗ್ ಇಲ್ಲದವನಿಗೆ 195 ಹಾರ್ಟ್ ರೇಟ್, 100 ಎಂಎಲ್ ಸ್ಟ್ರೋಕ್ ವಾಲ್ಯೂಮ್, 150 ಎ-ವಿ ಡಿಫರೆನ್ಸ್ ಅಂತಿಟ್ಕೊಳ್ಳಿ, 3 ಲೀಟರ್ ಹತ್ತಿರ ಬರತ್ತೆ, ಕೆಜಿಗೆ 42 ಎಂಎಲ್. ಒಳ್ಳೇ ಲಾಂಗ್ ಡಿಸ್ಟೆನ್ಸ್ ಓಟಗಾರನಿಗೆ 190, 180, 160 ಹಾಕಿ, 5.5 ಲೀಟರ್ ಹತ್ತಿರ, ಕೆಜಿಗೆ 78. ಹಾರ್ಟ್ ರೇಟ್ ಹೆಚ್ಚುಕಮ್ಮಿ ಒಂದೇ, ಎ-ವಿ ಡಿಫರೆನ್ಸ್ ಸ್ವಲ್ಪ ಜಾಸ್ತಿ ಅಷ್ಟೆ, ಹೆಚ್ಚುಕಮ್ಮಿ ಇಡೀ ಅಂತರ ಬಂದಿರೋದು ಸ್ಟ್ರೋಕ್ ವಾಲ್ಯೂಮ್‌ನಿಂದ. ಎಂಡ್ಯೂರೆನ್ಸ್ ಟ್ರೇನಿಂಗ್ ಶುರುವಾದ ಮೊದಲ ಒಂದೆರಡು ವಾರದಲ್ಲೇ ಪ್ಲಾಸ್ಮಾ ವಾಲ್ಯೂಮ್ (ರಕ್ತದ ದ್ರವ ಭಾಗ) ಏರೋದು, ಆಮೇಲೆ ಎಡ ಹೃತ್ಕುಕ್ಷಿ ಹಿಗ್ಗೋದು, ಇವೆಲ್ಲಾ ಯಾಕೆ ಅಷ್ಟು ಮುಖ್ಯ ಅಂತ ಈ ಲೆಕ್ಕದಲ್ಲೇ ಕಾಣತ್ತೆ.

ಈ ಸಮೀಕರಣಕ್ಕೆ ನನಗೆ ಗೊತ್ತಿರೋ ಅತ್ಯಂತ ಚೆಂದದ ಉದಾಹರಣೆ ಡಲ್ಲಾಸ್ ಬೆಡ್ ರೆಸ್ಟ್ ಸ್ಟಡಿ, ಇದನ್ನ ಒಂದು ಪ್ಯಾರಾದಲ್ಲಿ ಓದಿ ದಾಟಿಬಿಡಬೇಡಿ. 1966ರಲ್ಲಿ 20 ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನ ಮೂರು ವಾರ ಹಾಸಿಗೆ ಮೇಲೆ ಮಲಗಿಸಿದ್ರು, ಬೆಂಗ್ಟ್ ಸಾಲ್ಟಿನ್ ಮತ್ತವರ ತಂಡ. ಸರಾಸರಿ ವಿಒ2 ಮ್ಯಾಕ್ಸ್ (ಪೂರ್ತಿ ಸುಸ್ತಾಗೋವರೆಗೂ ಓಡಿದಾಗ ಬರೋ ಗರಿಷ್ಠ ವಿಒ2) 3.3 ಲೀಟರ್ ಇದ್ದದ್ದು 2.4ಕ್ಕೆ ಬಿತ್ತು. ಯಾವುದು ಬದಲಾಯ್ತು? ಗರಿಷ್ಠ ಹಾರ್ಟ್ ರೇಟ್ ಇಳೀಲಿಲ್ಲ, ಎ-ವಿ ಡಿಫರೆನ್ಸ್ ಕೂಡ ಹೆಚ್ಚುಕಮ್ಮಿ ಹಾಗೇ ಇತ್ತು, ಬಿದ್ದಿದ್ದು ಸ್ಟ್ರೋಕ್ ವಾಲ್ಯೂಮ್. ಆಮೇಲೆ ಟ್ರೇನಿಂಗ್ ಕೊಟ್ಟಾಗ 3.9ಕ್ಕೆ ಏರಿತು. ಮೂವತ್ತು ವರ್ಷ ಆದ್ಮೇಲೆ, 1996ರಲ್ಲಿ, ಅದೇ ಐದೂ ಜನರನ್ನ ಮತ್ತೆ ಕರೆದು ಟೆಸ್ಟ್ ಮಾಡಿದ್ರು, ಆಗ ಅವರಿಗೆ 50 ವರ್ಷ, ವಿಒ2 ಮ್ಯಾಕ್ಸ್ 2.9 ಲೀಟರ್. ಅಂದ್ರೆ ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಮೂರು ವಾರ ಮಲಗಿದ್ದು ಮಾಡಿದ ನಷ್ಟವೇ ಜಾಸ್ತಿ! (ಇದು ಲೀಟರ್ ಲೆಕ್ಕ, ತೂಕ ಚೆನ್ನಾಗಿ ಏರಿದ್ದರಿಂದ ಕೆಜಿ ಲೆಕ್ಕದಲ್ಲಿ ನೋಡಿದ್ರೆ ಇಳಿಕೆ ಇನ್ನೂ ದೊಡ್ಡದು, ವೈವಾದಲ್ಲಿ ಈ ಯೂನಿಟ್ ವಿಷಯ ಕೇಳೇ ಕೇಳ್ತಾರೆ.) ಈ ಸಲ ಇಳಿದಿದ್ದು ಬೇರೆ ಪದ. ಹಾರ್ಟ್ ರೇಟ್ ಕಮ್ಮಿ ಆಗಿದ್ರೂ ಸ್ಟ್ರೋಕ್ ವಾಲ್ಯೂಮ್ ಏರಿ ಅದನ್ನ ಸರಿದೂಗಿಸಿತ್ತು, ಮುಖ್ಯವಾಗಿ ಕುಗ್ಗಿದ್ದು ಎ-ವಿ ಡಿಫರೆನ್ಸ್, ಸ್ನಾಯುಗಳು ಆಕ್ಸಿಜನ್ ಹೀರ್ಕೊಳ್ಳೋ ಶಕ್ತಿ. ಆರು ತಿಂಗಳ ಟ್ರೇನಿಂಗ್‌ನಿಂದ ಅವರು 1966ರಲ್ಲಿ ಮಲಗೋದಕ್ಕೆ ಮುಂಚೆ ಇದ್ದ ಮಟ್ಟಕ್ಕೆ ವಾಪಸ್ ಬಂದ್ರು, ಅದೂ ಕಾರ್ಡಿಯಾಕ್ ಔಟ್‌ಪುಟ್ ಏರದೆ, ಎ-ವಿ ಡಿಫರೆನ್ಸ್ ಏರಿ. ಅದೇ ಐದು ದೇಹ, 20ರಲ್ಲಿ ಉತ್ತರ ಹೃದಯದಲ್ಲಿತ್ತು, 50ರಲ್ಲಿ ಸ್ನಾಯುಗಳಲ್ಲಿತ್ತು. ಸೆಂಟ್ರಲ್ (ಹೃದಯದ ಕಡೆ), ಪೆರಿಫೆರಲ್ (ಸ್ನಾಯುಗಳ ಕಡೆ) ಅಂತ ಎರಡು ಕಾಲಂ ಹಾಕಿ ಬಾಯಿಪಾಠ ಮಾಡೋ ಬದಲು ಇದನ್ನ ಅರ್ಥ ಮಾಡ್ಕೊಂಡ್ರೆ ಸಾಕು. ಐದೇ ಜನ ಅನ್ನೋದನ್ನ ಮಾತ್ರ ಉತ್ತರದಲ್ಲಿ ಬರೀರಿ.

ನಮ್ಮ ಕಡೆ ತುಂಬಾ ಮುಖ್ಯವಾದದ್ದು ಹಿಮೋಗ್ಲೋಬಿನ್. ಅಪಧಮನಿ ರಕ್ತದ ಆ 200 ಎಂಎಲ್ ಎಲ್ಲಿಂದ ಬಂತು ಅಂದ್ರೆ, 100 ಎಂಎಲ್ ರಕ್ತಕ್ಕೆ 15 ಗ್ರಾಂ ಹಿಮೋಗ್ಲೋಬಿನ್, ಒಂದು ಗ್ರಾಂ 1.34 ಎಂಎಲ್ ಆಕ್ಸಿಜನ್ ಹಿಡಿಯತ್ತೆ, ಸ್ಯಾಚುರೇಶನ್, ಅಂದ್ರೆ ಆಕ್ಸಿಜನ್ ಹಿಡಿದಿರೋ ಹಿಮೋಗ್ಲೋಬಿನ್ನಿನ ಪಾಲು, ನೂರಕ್ಕೆ 98. ಹಿಮೋಗ್ಲೋಬಿನ್ 10 ಇರೋ ಹುಡುಗಿಗೆ ಇದೇ ಲೆಕ್ಕ ಹಾಕಿದ್ರೆ ಲೀಟರ್‌ಗೆ ಸಿಗೋದು 131 ಎಂಎಲ್. ಸ್ನಾಯು ಎಷ್ಟೇ ಹೀರಿದ್ರೂ 150ರ ವ್ಯತ್ಯಾಸ ಬರೋ ಸಾಧ್ಯತೆನೇ ಇಲ್ಲ, ರಕ್ತದಲ್ಲಿ ಅಷ್ಟು ಇದ್ರೆ ತಾನೆ. ಎನ್‌ಎಫ್‌ಎಚ್‌ಎಸ್-5 (2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಹಾಗಾಗಿ ಕ್ರೀಡಾ ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗಿ 800 ಮೀಟರ್‌ನಲ್ಲಿ ಕೊನೇ ಲ್ಯಾಪ್‌ಗೆ ಬಿಟ್ಟುಕೊಡ್ತಾಳೆ ಅಂದ್ರೆ ಸೋಮಾರಿ ಅಂತ ಬೈಯೋದು, ಇನ್ನಷ್ಟು ಇಂಟರ್ವಲ್ ಹೇರೋದು ಅನ್ಯಾಯ, ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟಿರೋ ಕಬ್ಬಿಣದ ಅಳತೆ) ಟೆಸ್ಟ್ ಮಾಡಿಸ್ಬೇಕು. ಇದರ ಜೊತೆ ಇನ್ನೊಂದು, ಟ್ರೇನಿಂಗ್‌ನಿಂದ ಪ್ಲಾಸ್ಮಾ ಜಾಸ್ತಿಯಾದಾಗ ಒಟ್ಟು ಹಿಮೋಗ್ಲೋಬಿನ್ ಅಷ್ಟೇ ಇದ್ರೂ ರಿಪೋರ್ಟ್‌ನಲ್ಲಿ ನಂಬರ್ ಸ್ವಲ್ಪ ಇಳಿದು ಕಾಣತ್ತೆ, ಅದು ನಿಜವಾದ ರಕ್ತಹೀನತೆ ಅಲ್ಲ, ಫೆರಿಟಿನ್ ಯಾಕೆ ಬೇಕು ಅಂದ್ರೆ ಅದಕ್ಕೇ.

ಉಳಿದ ಚಾಪ್ಟರ್‌ಗಳು ಬೇಗ ಮುಗಿಯತ್ತೆ. ಊಟಿಯಂಥ 2,240 ಮೀಟರ್ ಎತ್ತರದಲ್ಲಿ ಸ್ಯಾಚುರೇಶನ್ ಇಳಿಯತ್ತೆ, ಅಪಧಮನಿಯ ಆಕ್ಸಿಜನ್ನೇ ಕಮ್ಮಿ, ಹಾಗಾಗಿ ಅದೇ ಸ್ಪೀಡ್‌ಗೆ ಹಾರ್ಟ್ ರೇಟ್ ಏರತ್ತೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಒಂದು ಗಂಟೆ ಓಡಿದ್ರೆ ಬೆವರಿ ಪ್ಲಾಸ್ಮಾ ಕಮ್ಮಿ, ಚರ್ಮಕ್ಕೂ ರಕ್ತ ಹೋಗ್ಬೇಕು, ಸ್ಟ್ರೋಕ್ ವಾಲ್ಯೂಮ್ ಇಳಿದು ಹಾರ್ಟ್ ರೇಟ್ ಮೇಲೆ ಹೋಗ್ತಾ ಇರತ್ತೆ, ಕಾರ್ಡಿಯೋವಾಸ್ಕುಲರ್ ಡ್ರಿಫ್ಟ್ ಅನ್ನೋದು ಇದನ್ನೇ. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಹಾರ್ಟ್ ರೇಟ್‌ಗೆ ಕಡಿವಾಣ ಬೀಳತ್ತೆ, ಉಳಿದೆರಡು ಪದಗಳೇ ಏರಿ ತೂಗಿಸ್ಬೇಕು, ಅವರಿಗೆ ಗರಿಷ್ಠ ಹಾರ್ಟ್ ರೇಟ್ ಅಂದಾಜಿಗೆ 220ರಲ್ಲಿ ವಯಸ್ಸು ಕಳೆಯೋ ಸೂತ್ರ ಹಾಕಬಾರದು, ಎಷ್ಟು ಕಷ್ಟ ಅನಿಸ್ತಿದೆ ಅಂತ ಅವರೇ ಅಂಕ ಹೇಳೋ ಬೋರ್ಗ್ ಸ್ಕೇಲ್ ಬಳಸಿ.

ಲ್ಯಾಬ್‌ನಲ್ಲಿ ಸ್ಟ್ರೋಕ್ ವಾಲ್ಯೂಮ್ ಅಳೆಯೋ ಅನುಕೂಲ ಎಲ್ಲಾ ಕಡೆ ಇರಲ್ಲ. ಮೆಟಬಾಲಿಕ್ ಕಾರ್ಟ್ (ಉಸಿರಿನಿಂದ ವಿಒ2 ಅಳೆಯೋ ಯಂತ್ರ), ಎದೆಗೆ ಕಟ್ಟೋ ಹಾರ್ಟ್ ರೇಟ್ ಸ್ಟ್ರಾಪ್ ಇದ್ರೆ ಡಿಸರ್ಟೇಶನ್‌ಗೆ ಆಕ್ಸಿಜನ್ ಪಲ್ಸ್ ತೆಗೀರಿ: ವಿಒ2 ಭಾಗಿಸು ಹಾರ್ಟ್ ರೇಟ್. ಸಮೀಕರಣ ನೋಡಿದ್ರೆ ಅದು ಸ್ಟ್ರೋಕ್ ವಾಲ್ಯೂಮ್ × ಎ-ವಿ ಡಿಫರೆನ್ಸ್ ಅಂತ ಗೊತ್ತಾಗತ್ತೆ. ಮೇಲಿನ ಇಬ್ಬರಲ್ಲಿ ಒಬ್ಬನಿಗೆ ಬಡಿತಕ್ಕೆ 15 ಎಂಎಲ್, ಇನ್ನೊಬ್ಬನಿಗೆ 29 ಹತ್ತಿರ. ಲೋಡ್ ಏರಿಸ್ತಾ ಹೋದಾಗ ಈ ಗ್ರಾಫ್ ತುಂಬಾ ಬೇಗ ಚಪ್ಪಟೆಯಾದ್ರೆ ಎರಡರಲ್ಲಿ ಯಾವುದೋ ಒಂದು ಏರೋದು ನಿಂತಿದೆ, ಯಾವುದು ಅಂತ ಆಕ್ಸಿಜನ್ ಪಲ್ಸ್ ಒಂದೇ ಹೇಳಲ್ಲ, ಅದಕ್ಕೆ ಪಕ್ಕದಲ್ಲಿ ಅವರ ಹಿಮೋಗ್ಲೋಬಿನ್ ರಿಪೋರ್ಟ್ ಇಟ್ಕೊಂಡೇ ಓದಿ.