ಮಾರಬೇಕೆಂದರೂ ಹೂಡಬೇಕಾದ್ದು ವಿಭಾಗದ ದಾವೆ: ಜಂಟಿ ಆಸ್ತಿ ಜಗಳದ ಹಿನ್ನೆಲೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಕಥೆ ಬೀದಿಗೊಂದು ಸಿಗುತ್ತದೆ. 30x40 ಸೈಟು, ಅದರ ಮೇಲೆ ಅಪ್ಪ ಕಟ್ಟಿಸಿದ ಮನೆ. ಉಯಿಲು ಬರೆಯದೆ ಅಪ್ಪ ತೀರಿಕೊಂಡರು, ಆಮೇಲೆ ಅಮ್ಮನೂ ಹೋದರು. ಮಕ್ಕಳು ನಾಲ್ವರು. ಇಬ್ಬರು ಮಾರೋಣ ಅನ್ನುತ್ತಾರೆ. ಕೆಳಗಿನ ಮನೆಯಲ್ಲೇ ಸಂಸಾರ ಹೂಡಿರುವ ಮೂರನೆಯವರು ಸುತರಾಂ ಒಪ್ಪುವುದಿಲ್ಲ. ನಾಲ್ಕನೆಯವರು ವಿದೇಶದಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ. ಸೈಟನ್ನು ನಾಲ್ಕು ಮಾಡಿದರೆ ತಲೆಗೆ 300 ಚದರ ಅಡಿ. ಅದು ಯಾರಿಗೂ ಬೇಡ. ಆದರೂ ಕೋರ್ಟಿಗೆ ಹೋದರೆ ಹೂಡಬೇಕಾದ್ದು ವಿಭಾಗದ ದಾವೆಯನ್ನೇ, ಅಂದರೆ ಆಸ್ತಿಯನ್ನು ಪಾಲು ಮಾಡಿಕೊಡಿ ಎಂದು ಕೇಳುವ ದಾವೆಯನ್ನೇ.

ಇದೇಕೆ ಹೀಗೆ? ನಮ್ಮ ಕಾನೂನು ಮೊದಲಿನಿಂದಲೂ ಪಾಲು ಮಾಡುವುದನ್ನು ಬಲ್ಲದು; ಒಬ್ಬ ಪಾಲುದಾರ ಒಲ್ಲೆ ಎಂದಾಗ ಮಾರುವುದು ಹೇಗೆಂದು ಅದು ಕಲಿತದ್ದು ತಡವಾಗಿ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಮನೆತನದ ಅಗತ್ಯಕ್ಕೆ ಯಜಮಾನ ಮಾರಬಹುದಿತ್ತು. ಮಿಕ್ಕಂತೆ, ಬೇರೆಯಾಗಬೇಕು ಅನ್ನುವವನಿಗೆ ಇದ್ದದ್ದು ಪಾಲು ಕೇಳುವ ದಾರಿ. ಬ್ರಿಟಿಷರ ಕಾಲದ ಕೋರ್ಟುಗಳ ಕೈಯೂ ಕಟ್ಟಿತ್ತು. ಹಂಚಲಾಗದಷ್ಟು ಚಿಕ್ಕ ಮನೆಯಾದರೂ, ಒಬ್ಬ ಪಾಲುದಾರ ತಕರಾರು ಮಾಡಿದರೆ ಅದನ್ನು ಮಾರಿಸುವ ಅಧಿಕಾರ ಅವಕ್ಕಿರಲಿಲ್ಲ.

ಇಂಗ್ಲೆಂಡಿನಲ್ಲಿ 1868ರ ಕಾಯ್ದೆ ಆ ಅಧಿಕಾರ ಕೊಟ್ಟಿತ್ತು. ಇಲ್ಲಿ ಅದು ಬಂದದ್ದು 1893ರ ವಿಭಾಗ ಕಾಯ್ದೆಯಲ್ಲಿ. ಹತ್ತೇ ಕಲಮುಗಳ ಈ ಸಣ್ಣ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ, ಧರ್ಮದ ಭೇದವಿಲ್ಲದೆ ಅನ್ವಯಿಸುತ್ತದೆ. ಆಸ್ತಿಯನ್ನು ಸರಿಯಾಗಿ ಹಂಚಲು ಬರುವುದಿಲ್ಲ, ಮಾರಿ ಹಣ ಹಂಚುವುದೇ ಲಾಭ ಎಂದು ಕಂಡುಬಂದರೆ, ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲಿರುವವರು ಕೇಳಿದಾಗ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು. ಇದು 2ನೇ ಕಲಮು. ಮೇಲಿನ ಕಥೆಯ ಇಬ್ಬರಿಗೆ ಸರಿಯಾಗಿ ಅರ್ಧ ಪಾಲಿದೆ, ಕೇಳಬಹುದು.

ಆದರೆ ಕೇಳುವ ಮುಂಚೆ 3ನೇ ಕಲಮನ್ನೂ ಓದಿಕೊಳ್ಳಬೇಕು. ಮಾರಿ ಎಂದು ಕೇಳಿದವರ ಪಾಲನ್ನು, ಕೋರ್ಟು ಗೊತ್ತುಮಾಡಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಎನ್ನುವ ಹಕ್ಕು ಉಳಿದ ಪಾಲುದಾರರಿಗಿದೆ. ಅಂದರೆ ಮಾರಾಟ ಕೇಳಿದವನು ತನ್ನ ಪಾಲನ್ನೇ ಪಣಕ್ಕಿಟ್ಟಂತೆ. ಎದುರಾಳಿ ಕೊಳ್ಳಲು ಅರ್ಜಿ ಹಾಕಿದ್ದೇ ‘ನಮಗೆ ದಾವೆಯೇ ಬೇಡ’ ಎಂದು ಹಿಂದೆ ಸರಿಯುವ ಚಾಳಿಗೂ ತಡೆ ಬಿದ್ದಿದೆ. ಹಾಗೆ ಕೊಳ್ಳುವವನ ಹಕ್ಕು ತಪ್ಪಿಸಲು ಬಾರದೆಂದು 1972ರಲ್ಲಿ ರಾಮಮೂರ್ತಿ ಅಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಕೇಳಿದರೆ ಇಡೀ ಕಾಯ್ದೆಯ ಜಾಣತನ ಇಲ್ಲಿದೆ: ಹೋಗುವವನಿಗೆ ದುಡ್ಡು, ಇರುವವನಿಗೆ ಮನೆ. ತೊಡಕು ಒಂದೇ, ಇರುವವನ ಹತ್ತಿರ ಅಷ್ಟು ದುಡ್ಡಿರಬೇಕು. ಬೆಂಗಳೂರಿನ ನೆಲದ ಬೆಲೆಗೆ ಅದು ಸಣ್ಣ ತೊಡಕಲ್ಲ.

ಹೊರಗಿನವರು ನುಗ್ಗದಂತೆಯೂ ಬೇಲಿಗಳಿವೆ. ಒಬ್ಬ ತನ್ನ ಪಾಲನ್ನು ಪರರಿಗೆ ಮಾರಿದರೂ, ಅವಿಭಕ್ತ ಕುಟುಂಬದ ವಾಸದ ಮನೆಯೊಳಗೆ ಬಂದು ಕೂರುವ ಹಕ್ಕು ಕೊಂಡವನಿಗಿಲ್ಲ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಜೊತೆಯ ವಾರಸುದಾರರಿಗೆ ಕೊಳ್ಳುವ ಮೊದಲ ಅವಕಾಶ ಕೊಡುತ್ತದೆ. ಕೃಷಿ ಜಮೀನಿಗೂ ಅದು ಅನ್ವಯವೆಂದು 2019ರಲ್ಲಿ ತೀರ್ಮಾನವಾಯಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಜಗಳದ ಸ್ವರೂಪವನ್ನೇ ಬದಲಿಸಿದ್ದು ಹೆಣ್ಣುಮಕ್ಕಳ ಹಕ್ಕು. ಮೈಸೂರು ಸಂಸ್ಥಾನ 1933ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ವಿಭಾಗದ ವೇಳೆ ಪಾಲು ಕೊಡಿಸಿತ್ತು, ಗಂಡುಮಕ್ಕಳಿಗಿಂತ ಕಡಿಮೆಯದ್ದಾದರೂ. ಕರ್ನಾಟಕ 1994ರ ಜುಲೈ 30ರಿಂದ ಸಮಪಾಲು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ವಾಸದ ಮನೆಯನ್ನು ಗಂಡು ವಾರಸುದಾರರು ಹಂಚಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದಿದ್ದ ಅದೇ ಕಾಯ್ದೆಯ 23ನೇ ಕಲಮೂ ಆಗಲೇ ಹೋಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲಕ್ಕೆ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2020ರ ತೀರ್ಪು, ಬೇಕಿಲ್ಲ ಎಂದು ತೆರೆ ಎಳೆಯಿತು. ಅರಿಸಿನ-ಕುಂಕುಮದ ಜೊತೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ ಅಣ್ಣತಮ್ಮಂದಿರು ಈಗ ಬೆಲೆ ಮಾತಾಡಬೇಕಾಗಿದೆ. ಕೊಳ್ಳುವವರ ವಕೀಲರೂ ವಂಶವೃಕ್ಷ ತೆಗೆದಿಟ್ಟು, ಅಕ್ಕತಂಗಿಯರ ಸಹಿ ಎಲ್ಲಿ ಎಂದೇ ಮೊದಲು ಕೇಳುತ್ತಾರೆ.

ದಾವೆ ಎಳೆಯುವುದಕ್ಕೆ ಕಾರಣ ಅದರ ಎರಡು ಮಜಲು. ಕೋರ್ಟಿನ ಮೊದಲ ಆದೇಶವಾದ ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆಷ್ಟು ಪಾಲು ಎಂದಷ್ಟೇ ನಿಗದಿ. ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆಯುವುದು, ಹಂಚುವುದು, ಆಗದಿದ್ದರೆ ಮಾರುವುದು ಎಲ್ಲ ಅಂತಿಮ ಡಿಕ್ರಿಗೆ. ಇದಕ್ಕೆ ಪಕ್ಷಗಾರರು ಮತ್ತೆ ಅರ್ಜಿ ಹಾಕುವವರೆಗೆ ಕಡತ ಅಲ್ಲೇ ಮಲಗುತ್ತಿತ್ತು; ಹಾಗೆ ಕಾಯದೆ ಕೋರ್ಟೇ ಮುಂದುವರಿಯಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂಥ ಕಡೆ ಇಬ್ಬರೂ ಒಪ್ಪಿದರೆ, 1893ರ ಕಾಯ್ದೆ ಕೊಡದ ಸವಲತ್ತುಗಳನ್ನೂ ರಾಜಿಯಲ್ಲಿ ಬರೆಸಿಕೊಳ್ಳಬಹುದು: ಹಣಕ್ಕೆ ಕಂತು, ಮನೆ ಖಾಲಿ ಮಾಡಲು ಗಡುವು, ಗಡುವು ತಪ್ಪಿದರೆ ನೇರ ಮಾರಾಟ.